ಎಕ್ಸೆಲ್‌ಗೆ ದಿನಾಂಕ ಕಳಿಸುವಾಗ ನಾನು ಅನುಸರಿಸುವ ಕ್ರಮ

ಬಿಲ್ಲಿಂಗ್ ತಂತ್ರಾಂಶದಿಂದ ರಸೀದಿಗಳ ಪಟ್ಟಿಯನ್ನು ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಬರೀ ಪಠ್ಯ) ಕಡತವಾಗಿ ಇಳಿಸಿಕೊಂಡು ಎಕ್ಸೆಲ್‌ನಲ್ಲಿ ತೆರೆದ ಕೂಡಲೇ ದಿನಾಂಕದ ಕಾಲಂ ನೋಡಿ. ಕೆಲವು ದಿನಾಂಕ ಸೆಲ್‌ನ ಬಲಕ್ಕೂ ಕೆಲವು ಎಡಕ್ಕೂ ನಿಂತಿದ್ದರೆ ಸೇವ್ ಮಾಡದೆ ಮುಚ್ಚಿಬಿಡಿ. ಆ ಕಂಪ್ಯೂಟರಿನ ರೀಜನ್ ಸೆಟ್ಟಿಂಗ್ ಅಮೆರಿಕದ ಇಂಗ್ಲಿಷ್‌ಗೆ ಇರುತ್ತದೆ. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. ನಾವು ಏಪ್ರಿಲ್ 3 ಎಂದು ಬರೆದ 03/04/2024 ಸದ್ದಿಲ್ಲದೆ ಮಾರ್ಚ್ 4 ಆಗುತ್ತದೆ. 25/04/2024ಕ್ಕೆ ಇಪ್ಪತ್ತೈದನೇ ತಿಂಗಳು ಸಿಗದ ಕಾರಣ ಅದು ಬರೀ ಅಕ್ಷರವಾಗಿ ಎಡಕ್ಕೆ ಉಳಿಯುತ್ತದೆ. ಎಡಕ್ಕೆ ನಿಂತದ್ದನ್ನು ಸುಲಭವಾಗಿ ಹಿಡಿಯಬಹುದು. ಬಲಕ್ಕೆ ನೀಟಾಗಿ ನಿಂತದ್ದೇ ತಪ್ಪು ಲೆಕ್ಕ ಕೊಡುವುದು.

ಸಿಎಸ್‌ವಿಯಲ್ಲಿ ‘ಇದು ದಿನಾಂಕ’ ಎಂದು ಹೇಳುವ ಜಾಗವೇ ಇಲ್ಲ. ತೆರೆಯುವ ಯಂತ್ರ ಊಹಿಸುತ್ತದೆ, ಅಷ್ಟೆ. ಎರಡು ಬದಿಗೆ ಉದ್ಧರಣ ಚಿಹ್ನೆ ಹಾಕಿದರೂ ಆ ಊಹೆ ನಿಲ್ಲುವುದಿಲ್ಲ. ದಿನಾಂಕದ ಮೊದಲಿಗೆ ಅಪಾಸ್ಟ್ರಫಿ ಸೇರಿಸಿದರೆ ಅದು ಹಾಗೇ ಸೆಲ್‌ನಲ್ಲಿ ಕಾಣಿಸುತ್ತದೆ. ಹಾಗಾಗಿ ಜನ ಓದುವ ವರದಿಗಳಿಗೆ ನಾನು ಸಿಎಸ್‌ವಿ ಕೊಡುವುದೇ ಇಲ್ಲ. ಎಕ್ಸೆಲ್‌ನದೇ ಆದ ಎಕ್ಸ್‌ಎಲ್‌ಎಸ್‌ಎಕ್ಸ್ ಕಡತವನ್ನೇ ಬರೆಯುತ್ತೇನೆ.

ಎಕ್ಸೆಲ್‌ನೊಳಗೆ ದಿನಾಂಕವೆಂದರೆ ಒಂದು ಸಂಖ್ಯೆ. 1900ರ ಜನವರಿ 1ಕ್ಕೆ 1, 1970ರ ಜನವರಿ 1ಕ್ಕೆ 25569, 2024ರ ಏಪ್ರಿಲ್ 3ಕ್ಕೆ 45385. ಹೊತ್ತು ಅದರ ದಶಮಾಂಶ ಭಾಗ: ಮಧ್ಯಾಹ್ನ 12 ಗಂಟೆ ಅಂದರೆ 0.5. ಕಣ್ಣಿಗೆ ಕಾಣುವ ರೂಪವನ್ನು ಸೆಲ್‌ನ ನಂಬರ್ ಫಾರ್ಮ್ಯಾಟ್ ನಿರ್ಧರಿಸುತ್ತದೆ. ಪ್ರೋಗ್ರಾಂ ಇವೆರಡನ್ನೂ ಬೇರೆಬೇರೆಯಾಗಿ ಕೊಡಬೇಕು: ಮೌಲ್ಯವಾಗಿ ನಿಜವಾದ ದಿನಾಂಕ, ರೂಪವಾಗಿ ಫಾರ್ಮ್ಯಾಟ್. ‘03-04-2024’ ಎಂಬ ಸ್ಟ್ರಿಂಗ್ (ಬರೀ ಅಕ್ಷರಗಳ ಸಾಲು) ಮಾಡಿ ಸೆಲ್‌ಗೆ ತುಂಬಿದರೆ ನೋಡಲು ಚೆಂದ, ಆದರೆ ವಿಂಗಡಿಸಿದಾಗ ಎಲ್ಲ ತಿಂಗಳ 1ನೇ ತಾರೀಖುಗಳೂ ಒಟ್ಟಿಗೆ ಬಂದು ಕೂರುತ್ತವೆ.

ಪೈಥಾನ್‌ನಲ್ಲಿ ಎಕ್ಸೆಲ್ ಕಡತ ಬರೆಯುವ ಓಪನ್‌ಪೈಎಕ್ಸ್‌ಎಲ್ ಲೈಬ್ರರಿ ಬಳಸಿದರೆ ಡೇಟ್ ಆಬ್ಜೆಕ್ಟನ್ನು ನೇರವಾಗಿ ಸೆಲ್‌ಗೆ ಕೊಡಬಹುದು. ವರ್ಷ-ತಿಂಗಳು-ದಿನದ ಫಾರ್ಮ್ಯಾಟನ್ನು ಅದೇ ಹಾಕಿಕೊಳ್ಳುತ್ತದೆ. ಇನ್ನೊಂದು ಲೈಬ್ರರಿಯಾದ ಎಕ್ಸ್‌ಎಲ್‌ಎಸ್‌ಎಕ್ಸ್‌ರೈಟರ್‌ನಲ್ಲಿ ಫಾರ್ಮ್ಯಾಟ್ ನಾವೇ ಕೊಡಬೇಕು, ಇಲ್ಲದಿದ್ದರೆ ಗ್ರಾಹಕರಿಗೆ 45385 ಎಂದು ಕಾಣುತ್ತದೆ. ಜಾವಾದ ಅಪಾಚೆ ಪಿಒಐಯಲ್ಲೂ ಇದೇ ಕಥೆ. ಅಲ್ಲಿ ಸೆಲ್ ಸ್ಟೈಲನ್ನು ಲೂಪಿನ ಹೊರಗೆ ಒಂದೇ ಸಲ ಮಾಡಿಟ್ಟುಕೊಳ್ಳಿ. ಸಾಲಿಗೊಂದು ಸ್ಟೈಲ್ ಮಾಡುತ್ತ ಹೋದರೆ 64,000ದ ಮಿತಿ ತಾಗಿ ಪ್ರೋಗ್ರಾಂ ನಿಲ್ಲುತ್ತದೆ.

ಫಾರ್ಮ್ಯಾಟ್ ಯಾವುದು? ನನ್ನ ಆಯ್ಕೆ ಡಿಡಿ-ಎಂಎಂಎಂ-ವೈವೈವೈವೈ, ಅಂದರೆ 03-Apr-2024. ತಿಂಗಳು ಅಕ್ಷರದಲ್ಲಿ ಬರುವುದರಿಂದ ಮುದ್ರಿಸಿದ ಪ್ರತಿಯನ್ನು ಬೆಂಗಳೂರಿನಲ್ಲಿ ಓದಿದರೂ ಡಲ್ಲಾಸಿನಲ್ಲಿ ಓದಿದರೂ ಅರ್ಥ ಒಂದೇ. ಎಕ್ಸೆಲ್‌ನಲ್ಲಿ ಅಂತರ್ಗತವಾಗಿರುವ 14ನೇ ಸಂಖ್ಯೆಯ ಫಾರ್ಮ್ಯಾಟ್ ಬಳಸಬೇಡಿ. ಅದು ತೆರೆದ ಯಂತ್ರದ ಸೆಟ್ಟಿಂಗ್ ನೋಡಿ ರೂಪ ಬದಲಿಸುತ್ತದೆ. ಕಾಲಂ ಅಗಲ 12ಕ್ಕಿಂತ ಕಡಿಮೆ ಇಡಬೇಡಿ. ಸಾಲದಿದ್ದರೆ ಸೆಲ್ ತುಂಬ ಹ್ಯಾಶ್ ಚಿಹ್ನೆ ಬಂದು, ಡೇಟಾ ಕೆಟ್ಟಿದೆಯೆಂದು ದೂರು ಬರುತ್ತದೆ.

ದತ್ತಾಂಶ ಸ್ಟ್ರಿಂಗ್ ಆಗಿ ಬರುವ ಕಡೆ ಇನ್ನೂ ಎಚ್ಚರ ಬೇಕು. ಎಸ್‌ಕ್ಯೂಲೈಟ್ ಡೇಟಾಬೇಸ್‌ನಲ್ಲಿ ದಿನಾಂಕಕ್ಕೆಂದೇ ಒಂದು ಬಗೆ ಇಲ್ಲ, ಹೆಚ್ಚಾಗಿ ಅಕ್ಷರವಾಗಿಯೇ ಇರುತ್ತದೆ. ಪೈಥಾನ್‌ನ ದತ್ತಾಂಶ ಲೈಬ್ರರಿ ಪಾಂಡಾಸ್‌ಗೆ ಸುಮ್ಮನೆ ‘ದಿನಾಂಕ ಮಾಡು’ ಎಂದರೆ ತಿಂಗಳು ಮೊದಲು ಎಂದೇ ಹೊರಡುತ್ತದೆ. 2.0ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಒಂದೇ ಕಾಲಂನಲ್ಲಿ ಎರಡೂ ಕ್ರಮ ಬೆರೆತುಹೋಗುತ್ತಿದ್ದವು. ಡೇಫಸ್ಟ್ (ದಿನ ಮೊದಲು) ಆಯ್ಕೆ ಕಟ್ಟುನಿಟ್ಟಲ್ಲ, ನಂಬಬೇಡಿ. ಫಾರ್ಮ್ಯಾಟ್ ಸ್ಟ್ರಿಂಗ್‌ನಲ್ಲಿ ದಿನ, ತಿಂಗಳು, ವರ್ಷದ ಕ್ರಮವನ್ನು ಬರೆದುಕೊಟ್ಟರೆ ಹೊಂದದ ಸಾಲು ಅಲ್ಲೇ ಎರರ್ ಕೊಡುತ್ತದೆ. ಆ ಎರರ್ ಬರುವುದು ಒಳ್ಳೆಯದು.

ಟೈಮ್‌ಝೋನ್ ಎಕ್ಸೆಲ್‌ಗೆ ಗೊತ್ತೇ ಇಲ್ಲ. ಟೈಮ್‌ಝೋನ್ ಇರುವ ಮೌಲ್ಯ ಕೊಟ್ಟರೆ ಓಪನ್‌ಪೈಎಕ್ಸ್‌ಎಲ್, ಪಾಂಡಾಸ್ ಎರಡೂ ನಿರಾಕರಿಸುತ್ತವೆ. ಆಗ ಬಹಳ ಜನ ಟೈಮ್‌ಝೋನನ್ನು ಕಿತ್ತು ಬಿಸಾಡುತ್ತಾರೆ. ಮೊದಲು ಭಾರತದ ಸಮಯವಾದ ಏಷ್ಯಾ/ಕೋಲ್ಕತಾಕ್ಕೆ ಪರಿವರ್ತಿಸಿ, ಆಮೇಲೆ ತೆಗೆಯಬೇಕು. ಇಲ್ಲದಿದ್ದರೆ, ಮೌಲ್ಯ ಯುಟಿಸಿಯಲ್ಲಿ (ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಇದ್ದಾಗ, ಬೆಳಗ್ಗೆ 5.30ರೊಳಗಿನ ಪ್ರತಿ ವ್ಯವಹಾರವೂ ಹಿಂದಿನ ದಿನಕ್ಕೆ ಜಾರುತ್ತದೆ. ಜಾವಾಸ್ಕ್ರಿಪ್ಟ್‌ನ ಎಕ್ಸೆಲ್‌ಜೆಎಸ್ ನಿರಾಕರಿಸುವುದೂ ಇಲ್ಲ, ಡೇಟ್ ಆಬ್ಜೆಕ್ಟನ್ನು ಯುಟಿಸಿ ಎಂದು ತಿಳಿದು ಬರೆಯುತ್ತದೆ. ನಮ್ಮ ಏಪ್ರಿಲ್ 3ರ ನಡುರಾತ್ರಿ 12 ಗಂಟೆ ಅಲ್ಲಿ ಏಪ್ರಿಲ್ 2ರ ಸಂಜೆ 6.30, ಫಾರ್ಮ್ಯಾಟ್ ಹೊತ್ತನ್ನು ಮರೆಮಾಡುವುದರಿಂದ ಒಂದು ದಿನ ಕಡಿಮೆ ಎಂದಷ್ಟೇ ಕಾಣುತ್ತದೆ. ಅಲ್ಲಿ ಡೇಟ್ ಡಾಟ್ ಯುಟಿಸಿ ಬಳಸಿಯೇ ದಿನಾಂಕ ಕಟ್ಟಿ.

ಹೊತ್ತು ಅಡಗಿ ಕುಳಿತರೆ ಇನ್ನೊಂದು ತೊಂದರೆ. ಏಪ್ರಿಲ್ 30ರ ಸಂಜೆ 6.15ರ ರಸೀದಿ 45412.76. ‘ಏಪ್ರಿಲ್ 30ರವರೆಗೆ’ ಎಂದು ಸೂತ್ರ ಬರೆದರೆ ಮಿತಿ 45412, ಆ ರಸೀದಿ ಮೊತ್ತದಿಂದ ಬಿಟ್ಟುಹೋಗುತ್ತದೆ. ನಾನು ದಿನಾಂಕಕ್ಕೊಂದು, ಸಮಯಕ್ಕೊಂದು ಕಾಲಂ ಮಾಡಿ ಕೊಡುತ್ತೇನೆ.

ದಿನಾಂಕ ಇಲ್ಲದ ಸಾಲಿಗೆ ಸೆಲ್ ಖಾಲಿ ಬಿಡಿ. ಸೊನ್ನೆ ಬರೆದರೆ 1900ರ ಜನವರಿ ‘00’ ಎಂಬ ಇಲ್ಲದ ದಿನ ಕಾಣುತ್ತದೆ. 1900ಕ್ಕಿಂತ ಹಳೆಯ ದಾಖಲೆಗಳ ದಿನಾಂಕ ಎಕ್ಸೆಲ್‌ಗೆ ಆಗದು. ವರ್ಷ-ತಿಂಗಳು-ದಿನದ ಕ್ರಮದಲ್ಲಿ ಅಕ್ಷರವಾಗಿಯೇ ಇಡಿ, ವಿಂಗಡಣೆಯಾದರೂ ಸರಿ ಬರುತ್ತದೆ.

ದಿನಾಂಕವಲ್ಲದ್ದು ದಿನಾಂಕವಾಗುವುದೂ ಇದೆ. ಸರ್ವೆ ನಂಬರ್ 12/3 ಸಿಎಸ್‌ವಿಯಲ್ಲಿ ಹೋದರೆ ಯಂತ್ರ ನೋಡಿಕೊಂಡು ಮಾರ್ಚ್ 12 ಅಥವಾ ಡಿಸೆಂಬರ್ 3 ಆಗುತ್ತದೆ. ಆರ್ಥಿಕ ವರ್ಷ 2011-12 ಎಂಬುದು 2011ರ ಡಿಸೆಂಬರ್ ಆಗುತ್ತದೆ, 2012-13ಕ್ಕೆ ಹದಿಮೂರನೇ ತಿಂಗಳು ಇಲ್ಲದ್ದರಿಂದ ಅದು ಉಳಿಯುತ್ತದೆ. ಹಾಗಾಗಿ ಹಳೆಯ ವರ್ಷಗಳ ವರದಿಯಲ್ಲಿ ಮಾತ್ರ ಈ ದೋಷ ಕಾಣುತ್ತದೆ. ಇಂಥ ಕಾಲಂಗಳನ್ನು ಸ್ಟ್ರಿಂಗ್ ಆಗಿ, ಟೆಕ್ಸ್ಟ್ ಫಾರ್ಮ್ಯಾಟ್ ಹಾಕಿ ಬರೆಯಬೇಕು.

ಸಿಎಸ್‌ವಿಯೇ ಬೇಕೆಂದು ಹಟ ಹಿಡಿದರೆ 2024-04-03 ಎಂಬ ಕ್ರಮ, ಜೊತೆಗೆ ಬಿಒಎಂ (ಕಡತದ ಆರಂಭದಲ್ಲಿ ಅಕ್ಷರ ಸಂಕೇತವನ್ನು ಸೂಚಿಸುವ ಗುರುತು) ಇರುವ ಯುಟಿಎಫ್-8. ಬಿಒಎಂ ಇಲ್ಲದೆ ನೇರವಾಗಿ ತೆರೆದರೆ ಕನ್ನಡದ ಹೆಸರುಗಳು ಕಲಸಿಹೋಗಬಹುದು.

ಕೊಡುವ ಮುಂಚಿನ ಪರೀಕ್ಷೆಗೆ ಎರಡು ಸಾಲು ಸಾಕು: ಒಂದರಲ್ಲಿ ಏಪ್ರಿಲ್ 3, ಇನ್ನೊಂದರಲ್ಲಿ ಏಪ್ರಿಲ್ 25. ಬರೀ 25 ಇಟ್ಟರೆ ದಿನ-ತಿಂಗಳು ಅದಲುಬದಲಾದದ್ದು ಗೊತ್ತಾಗುವುದಿಲ್ಲ. ವಿಂಡೋಸ್‌ನ ರೀಜನ್ ಸೆಟ್ಟಿಂಗನ್ನು ಅಮೆರಿಕಕ್ಕೆ ಬದಲಿಸಿ ಕಡತ ತೆರೆದು, ಕಾಲಂ ಫಾರ್ಮ್ಯಾಟನ್ನು ಜನರಲ್ ಮಾಡಿ. 45385 ಮತ್ತು 45407, ಬಿಂದುವಿನಾಚೆ ಏನೂ ಇಲ್ಲದೆ ಬರಬೇಕು. 45355 ಬಂದರೆ ಅದು ಮಾರ್ಚ್ 4, ಅಂದರೆ ಎಲ್ಲೋ ಸ್ಟ್ರಿಂಗ್ ನುಸುಳಿದೆ. 45384.77 ಬಂದರೆ ಟೈಮ್‌ಝೋನ್ ನೋಡಿ.