ಗೀರು-ನೆಗ್ಗಿನ ಲ್ಯಾಪ್‌ಟಾಪ್: 13 ಯಂತ್ರ ಕೊಂಡವನ ಅನುಭವ

2025ರ ಅಕ್ಟೋಬರ್‌ನಲ್ಲಿ ಹಾಸನದಿಂದ ಭಾವ ಫೋನ್ ಮಾಡಿದ್ದರು. ಕ್ಷೇಮ ಸಮಾಚಾರ ಆದಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಏನಯ್ಯಾ, ನನ್ನ ಲ್ಯಾಪ್‌ಟಾಪ್ ವಿಂಡೋಸ್ 11 ತಗೊಳಲ್ಲ ಅಂತಿದೆ. ಮಗನ ಹಳೇ ಡಬ್ಬ ತಗೊಂಡಿದೆಯಲ್ಲ, ಅದ್ಹೇಗೆ?" ಅಂದರು. ಈ ಪ್ರಶ್ನೆಗೆ ನಾನು 6 ವರ್ಷ ಕಾದಿದ್ದೆ.

ಭಾವನದು 2018ರಲ್ಲಿ ಶೋರೂಮಿನಲ್ಲಿ ತಗೊಂಡದ್ದು, 58 ಸಾವಿರವೋ ಏನೋ. ಅಂಗಡಿಯವನು ಬ್ಯಾಗು, ಮೌಸು ಫ್ರೀ ಕೊಟ್ಟಿದ್ದ. ಒಳಗಿದ್ದದ್ದು ಇಂಟೆಲ್‌ನ 7ನೇ ತಲೆಮಾರಿನ ಐ5 ಪ್ರೊಸೆಸರ್. ಮಗನ "ಡಬ್ಬ" 2019ರಲ್ಲಿ ನಾನು ನ್ಯೂಜೆರ್ಸಿಯಿಂದ ಕಳಿಸಿದ್ದು. ಕಂಪನಿಯದೇ ಔಟ್‌ಲೆಟ್‌ನಲ್ಲಿ, ಗೀರು-ನೆಗ್ಗಿನ ಸಾಲಿನಲ್ಲಿ (ಮೈಮೇಲೆ ಗೀರು, ತಗ್ಗು ಇರುವುದರಿಂದ ಅಗ್ಗಕ್ಕೆ ಮಾರುವವು), ತೆರಿಗೆ ಎಲ್ಲ ಸೇರಿ 430 ಡಾಲರ್ ಆಸುಪಾಸು. ಆಗಿನ ಲೆಕ್ಕದಲ್ಲಿ 30 ಸಾವಿರ ಚಿಲ್ಲರೆ. ಅದನ್ನು ಮೊದಲ ಸಲ ಕೈಗೆ ತಗೊಂಡಾಗ ಭಾವ ಮುಚ್ಚಳದ ಮೇಲೆ ಹೆಬ್ಬೆರಳಾಡಿಸಿ, "ಅಮೆರಿಕದ ಗುಜರಿನೂ ಈಗ ನಮ್ಮೂರಿಗೆ ಬರ್ತಿದೆ ಅನ್ನು" ಅಂದಿದ್ದರಂತೆ. ಅಕ್ಕ ನನಗೆ ತಡಮಾಡದೆ ವರದಿ ಒಪ್ಪಿಸಿದ್ದಳು.

ನಿಜ ಹೇಳಬೇಕೆಂದರೆ ವಿಂಡೋಸ್ 11 ಬರುತ್ತೆ, ಅದಕ್ಕೆ 8ನೇ ತಲೆಮಾರು ಬೇಕಾಗುತ್ತೆ, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ ನಿಲ್ಲುತ್ತೆ ಅಂತ ಆಗ ನನಗೇನು ಕನಸು ಬಿದ್ದಿರಲಿಲ್ಲ. ಲ್ಯಾಪ್‌ಟಾಪಿನ ಯು ಸರಣಿಯಲ್ಲಿ (ಕಡಿಮೆ ವಿದ್ಯುತ್ ಬಳಸುವ ಪ್ರೊಸೆಸರ್‌ಗಳು) 7ನೇ ತಲೆಮಾರಿನ ಐ5ಗೆ 2 ಕೋರ್ (ಕೆಲಸ ಹಂಚಿಕೊಳ್ಳುವ ಘಟಕ), 8ನೆಯದಕ್ಕೆ 4. ಬೆಲೆ ವ್ಯತ್ಯಾಸ ಔಟ್‌ಲೆಟ್‌ನಲ್ಲಿ 50-60 ಡಾಲರ್. ಹಾಗಾಗಿ 8ಕ್ಕಿಂತ ಕೆಳಗಿನದನ್ನು ಮುಟ್ಟಬಾರದು ಅಂತ ಗೆರೆ ಎಳೆದುಕೊಂಡಿದ್ದೆ. ಆದರೂ ಭಾವನ ಹತ್ತಿರ ಮಾತ್ರ, "ನಾನು ಆಗಲೇ ಎಲ್ಲ ಯೋಚಿಸಿಯೇ ತಗೊಂಡಿದ್ದೆ ಭಾವ" ಅಂದೆ. ಅಷ್ಟೂ ಅನ್ನದಿದ್ದರೆ ಹೇಗೆ.

ಇಲ್ಲಿಯವರೆಗೆ 13 ಯಂತ್ರ ಆಗಿವೆ. ನಮ್ಮ ಮನೆಗೆ 4, ಊರಿಗೆ 3, ಉಳಿದವು ಕನ್ನಡ ಕೂಟದ ಗೆಳೆಯರಿಗೆ. ಮೊದಲಿಗೆ ಗೆಳೆಯರೂ ನಗುತ್ತಿದ್ದರು. ಸಂಕ್ರಾಂತಿ ಪಾಟ್‌ಲಕ್‌ನಲ್ಲಿ ಬಿಸಿಬೇಳೆಬಾತ್ ಬಡಿಸಿಕೊಳ್ಳುತ್ತಾ ಒಬ್ಬರು, "ಏನ್ರೀ, ಈ ವರ್ಷ ಎಷ್ಟು ನೆಗ್ಗಿಸಿದಿರಿ?" ಅಂತ ಕೇಳಿದ್ದುಂಟು. ಅವರ ಮಗಳು ಕಾಲೇಜಿಗೆ ಹೋದಾಗ ಅವರಿಗೆ ಕೊಡಿಸಿದ್ದು ನನ್ನ 9ನೆಯದು.

ಎಲ್ಲಿ ಅನ್ನುವುದು ಗುಟ್ಟೇನಲ್ಲ. ಡೆಲ್, ಲೆನೊವೊ, ಆಪಲ್ ಎಲ್ಲರಿಗೂ ಅಮೆರಿಕದಲ್ಲಿ ರಿಫರ್ಬಿಶ್ಡ್ (ವಾಪಸ್ ಬಂದದ್ದನ್ನು ಪರೀಕ್ಷಿಸಿ ಸರಿಪಡಿಸಿದ) ಮಾಲು ಮಾರುವ ತಮ್ಮದೇ ಜಾಗ ಇದೆ. ಆಪಲ್‌ನಲ್ಲಿ ಗೀರು-ನೆಗ್ಗು ಅನ್ನುವ ವರ್ಗವೇ ಇಲ್ಲ, ರಿಯಾಯಿತಿಯೂ ಸಾಮಾನ್ಯವಾಗಿ 15% ಸುತ್ತಮುತ್ತ. ನನ್ನ ಆಟ ಅಲ್ಲಿ ನಡೆಯಲ್ಲ. ಇನ್ನುಳಿದವರಲ್ಲಿ ಯಾರ ಹತ್ತಿರ ಏನು ತಗೊಂಡೆ, ಯಾರ ಹತ್ತಿರ ಜಗಳ ಆಯಿತು ಅಂತ ಬಿಡಿಸಿ ಹೇಳಲು ಹೋಗುವುದಿಲ್ಲ. ಒಂದು ಮಾತ್ರ ಗಟ್ಟಿ: ಕಂಪನಿಗಳಿಗೆ, ಕಚೇರಿಗಳಿಗೆ ಅಂತ ಮಾಡಿದ ಸರಣಿಯನ್ನೇ ನೋಡಿ. ಡೆಲ್‌ನ ಲ್ಯಾಟಿಟ್ಯೂಡ್, ಲೆನೊವೊದ ಥಿಂಕ್‌ಪ್ಯಾಡ್ ಥರದವು. ತಳದ ಸ್ಕ್ರೂ ಬಿಚ್ಚಿದರೆ ಬಹುಪಾಲು ಮಾದರಿಗಳಲ್ಲಿ ಎಸ್ಎಸ್‌ಡಿ (ಫೈಲುಗಳನ್ನು ಇಡುವ ಡ್ರೈವ್), ಬ್ಯಾಟರಿ, ತಾತ್ಕಾಲಿಕ ಮೆಮೊರಿಯಾದ ರ‍್ಯಾಮ್ ಕೈಗೆ ಸಿಗುತ್ತವೆ. ತೆಳ್ಳಗೆ, ಫಳಫಳ ಅನ್ನುವ ಗೃಹಬಳಕೆಯ ಮಾದರಿಯಲ್ಲಿ ಗೀರು ಎದ್ದು ಕಾಣುತ್ತೆ, ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ರಿಯಾಯಿತಿಯೂ ಜುಜುಬಿ.

ಈ ಬುದ್ಧಿ ಬಂದದ್ದು ದುಡ್ಡು ಕಳಕೊಂಡ ಮೇಲೆ.

2018ರಲ್ಲಿ ಮೊದಲನೆಯದು. ಅದು ಕಂಪನಿ ಔಟ್‌ಲೆಟ್ ಅಲ್ಲ, ಹರಾಜು ಸೈಟಿನಲ್ಲಿ ಯಾರೋ ಮಾರುತ್ತಿದ್ದ ಕಚೇರಿಯಲ್ಲಿ ಲೀಸ್ (ಗುತ್ತಿಗೆ) ಮುಗಿದ ಮಾಲು, 240 ಡಾಲರ್. ಬಂತು, ಆನ್ ಮಾಡಿದೆ, ವೈಫೈ ಜೋಡಿಸಿದೆ. ತೆರೆಯ ಮೇಲೆ ಯಾವುದೋ ಸಂಸ್ಥೆಯ ಲೋಗೋ ಬಂದು, "ಸ್ವಾಗತ, ನಿಮ್ಮ ಕಚೇರಿಯ ಇಮೇಲ್ ಹಾಕಿ" ಅಂತು! ಹಳೇ ಮಾಲೀಕರು ತಮ್ಮ ಪಟ್ಟಿಯಿಂದ ಯಂತ್ರವನ್ನು ತೆಗೆದೇ ಇರಲಿಲ್ಲ. ವಿಂಡೋಸ್ ಅಳಿಸಿ ಮತ್ತೆ ಹಾಕಿದರೂ ಇಂಟರ್ನೆಟ್ ಸಿಕ್ಕ ಕೂಡಲೇ ಅದೇ ಸ್ವಾಗತ. ಮಾರಿದವನು 2 ಇಮೇಲ್‌ಗೆ ಉತ್ತರ ಕೊಟ್ಟು ಮಾಯವಾದ. ಕೊನೆಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿ ಬೇಸ್‌ಮೆಂಟಿನಲ್ಲಿ ಫೋಟೋ ಬ್ಯಾಕಪ್‌ಗೆ ಇಟ್ಟೆ. ಈಗಲೂ ಅಲ್ಲೇ ಗುಂಯ್ ಅನ್ನುತ್ತಿದೆ.

ಎರಡನೆಯದು ಔಟ್‌ಲೆಟ್‌ನದೇ. ಪಟ್ಟಿಯಲ್ಲಿ "ಗೀರು ಇರಬಹುದು" ಅಂತಷ್ಟೇ ಇರುತ್ತೆ, ಎಲ್ಲಿ, ಎಷ್ಟು ಅಂತ ಇರಲ್ಲ. ಪೆಟ್ಟಿಗೆ ಬಿಚ್ಚಿ ನೋಡಿದರೆ ತೆರೆಯ ನಟ್ಟನಡುವೆ, ಬಿಳಿ ಪುಟ ತೆಗೆದಾಗಲೆಲ್ಲ ಕೂದಲು ಬಿದ್ದ ಹಾಗೆ ಗೀರು. ಒರೆಸಿ ಒರೆಸಿ ಸಾಕಾಯಿತು. ವಾಪಸ್ ಕಳಿಸಿದೆ. 410 ಡಾಲರಿನಲ್ಲಿ 15% ಮರುದಾಸ್ತಾನು ಶುಲ್ಕ ಅಂತ ಹಿಡಿದುಕೊಂಡು ಉಳಿದದ್ದು ಕೊಟ್ಟರು. ಅಲ್ಲಿಗೆ 60 ಡಾಲರ್ ಚಿಲ್ಲರೆ ಗುಳುಂ. ಅಂದಿನಿಂದ ಕೊಳ್ಳುವ ಮೊದಲು ಬೆಲೆ ಆಮೇಲೆ, ವಾಪಸಾತಿಯ ಷರತ್ತು ಮೊದಲು ಓದುತ್ತೇನೆ. ಶುಲ್ಕ ಇಲ್ಲದೆ 30 ದಿನ ಇದ್ದರೆ ಮುಂದಿನ ಮಾತು. "ಅಂತಿಮ ಮಾರಾಟ" ಅಂತಿದ್ದರೆ ಪುಕ್ಕಟೆ ಕೊಟ್ಟರೂ ಬೇಡ.

ಗೀರಿನ ವಿಷಯದಲ್ಲಿ ನನ್ನ ಲೆಕ್ಕ ಸರಳ. ಮುಚ್ಚಳ, ತಳ, ಪಕ್ಕದ ಅಂಚು: ಎಷ್ಟಿದ್ದರೂ ಸರಿ. ಕೆಲಸ ಮಾಡುವವನಿಗೆ ಮುಚ್ಚಳ ಕಾಣುವುದೇ ಇಲ್ಲ, ಎದುರು ಕೂತವನಿಗೆ ಕಾಣುತ್ತೆ. ಅದು ಅವನ ಕಷ್ಟ. ಕೈ ಊರುವ ಜಾಗ: ಉಗುರಿಗೆ ಸಿಗದ ಹಾಗಿದ್ದರೆ ಸರಿ. ತೆರೆ: ಚುಕ್ಕಿಯೂ ಬೇಡ. ಹಿಂಜಿನ (ಮುಚ್ಚಳ ತಿರುಗುವ ಕೀಲು) ಪಕ್ಕದ ಮೂಲೆಯಲ್ಲಿ ನೆಗ್ಗಿದ್ದರೆ ಕೂಡಲೇ ವಾಪಸ್. ಆ ಮೂಲೆ ಮೇಲೆ ಬಿದ್ದ ಯಂತ್ರ ಇವತ್ತು ಚೆನ್ನಾಗಿರುತ್ತೆ, 6 ತಿಂಗಳಲ್ಲಿ ಮುಚ್ಚಳ ತೆಗೆದಾಗ ಕಟಕ್ ಅನ್ನುತ್ತೆ, ಆಮೇಲೆ ತೆರೆ ಮಿಣುಕುತ್ತೆ. ನಮ್ಮಮ್ಮ ಪಾತ್ರೆ ಅಂಗಡಿಯಲ್ಲಿ ನೆಗ್ಗಿದ ಕೊಳಗ ಕಂಡರೆ ಮೊದಲು ಕಂಠ ನೋಡುತ್ತಿದ್ದಳು, ಆಮೇಲೆ ತಳ ನೆಲಕ್ಕೆ ಕೂರುತ್ತಾ ಅಂತ. ಹೊಟ್ಟೆಯ ನೆಗ್ಗಿಗೆ ಚೌಕಾಸಿ ಮಾಡಿ ಮನೆಗೆ ತರುತ್ತಿದ್ದಳು. ನಾನು ಮಾಡುತ್ತಿರುವುದೂ ಅದನ್ನೇ, ಕ್ರೆಡಿಟ್ ಕಾರ್ಡ್ ಇಟ್ಟುಕೊಂಡು.

ಗೀರು ಎಲ್ಲಿದೆ ಅಂತ ಕೊಳ್ಳುವ ಮೊದಲೇ ತಿಳಿಯಲು ಕಂಪನಿಯ ಚಾಟ್‌ನಲ್ಲಿ ಒಂದು ರೀತಿ ಕೇಳಬೇಕು. 10ರಲ್ಲಿ 4 ಸಲವಾದರೂ ಉತ್ತರ ಸಿಗುತ್ತೆ. ಏನಂತ ಕೇಳಬೇಕು ಅನ್ನುವುದನ್ನು ಇಲ್ಲಿ ಬರೆಯಲ್ಲ, ಬರೆದರೆ ನಾಳೆಯಿಂದ ಅವರು ಉತ್ತರ ಕೊಡುವುದನ್ನೇ ನಿಲ್ಲಿಸುತ್ತಾರೆ. ಹೊಸ ಮಾಲು ಪಟ್ಟಿಗೆ ಏರುವ ದಿನ, ಗಂಟೆಯೂ ಅಷ್ಟೇ. ತ್ರೈಮಾಸಿಕದ ಕೊನೆಯ ವಾರಗಳಲ್ಲಿ ಕೂಪನ್ ಜೋರಾಗಿರುತ್ತೆ, ಇಷ್ಟು ಸುಳಿವು ಸಾಕು. ಕಾರ್ಟಿಗೆ ಹಾಕಿದ ಯಂತ್ರ ಸ್ವಲ್ಪ ಹೊತ್ತು ಮಾತ್ರ ನಿಮ್ಮದಾಗಿರುತ್ತೆ. ಹೆಂಡತಿಯನ್ನು ಕೇಳಿ ಬರುತ್ತೇನೆ ಅಂತ ಎದ್ದು ಹೋದ ಗೆಳೆಯ ಬರುವಷ್ಟರಲ್ಲಿ ಅವನ ಯಂತ್ರ ಬೇರೆ ಯಾರದೋ ಪಾಲಾಗಿತ್ತು. ಕೇಳುವುದನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಬಂದ ದಿನ ಸಂಜೆ 2 ಗಂಟೆ ಅದಕ್ಕೇ ಮೀಸಲು. ಬ್ಯಾಟರಿ ರಿಪೋರ್ಟ್ ತೆಗೆದು ಹುಟ್ಟಿದಾಗಿನ ಸಾಮರ್ಥ್ಯ, ಈಗಿನ ಸಾಮರ್ಥ್ಯ ಎರಡನ್ನೂ ನೋಡುತ್ತೇನೆ. 68 ವ್ಯಾಟ್-ಅವರ್ ಇದ್ದದ್ದು 62 ಆಗಿದ್ದರೆ ಖುಷಿ. ಒಂದರಲ್ಲಿ 48 ಬಂದಿತ್ತು. "ಅದು ಸಹಜ ಸವೆತ" ಅಂತ ಸಹಾಯವಾಣಿಯವರು 3 ವಾರ ಆಡಿಸಿದರು. ನಾನು ಪ್ರತಿ ಚಾಟನ್ನೂ ಉಳಿಸಿಕೊಂಡು, ಹಿಂದಿನವರು ಹೇಳಿದ್ದನ್ನು ಮುಂದಿನವರಿಗೆ ಅಂಟಿಸಿ ಅಂಟಿಸಿ, ಕೊನೆಗೆ ಹೊಸ ಬ್ಯಾಟರಿ ಕಳಿಸಿದರು. ಎಸ್ಎಸ್‌ಡಿ ಎಷ್ಟು ಗಂಟೆ ಓಡಿದೆ ಅನ್ನುವುದು ಯಂತ್ರದ ಜಾತಕ ಇದ್ದ ಹಾಗೆ. 10 ಗಂಟೆ ಇದ್ದರೆ ಯಾರೋ ಆರ್ಡರ್ ಮಾಡಿ ಮನಸ್ಸು ಬದಲಿಸಿದ್ದು. 4 ಸಾವಿರ ಇದ್ದರೆ ಕಚೇರಿಯಲ್ಲಿ 2 ವರ್ಷ ದುಡಿದು ಬಂದದ್ದು. ನನ್ನ 13ರಲ್ಲಿ 5 ಮೊದಲ ಬಗೆಯವು. ಪ್ಲಾಸ್ಟಿಕ್ ಹಾಳೆ ಕೂಡ ಕಿತ್ತಿರಲಿಲ್ಲ. ಮೆಮೊರಿ ಪರೀಕ್ಷೆ ರಾತ್ರಿಯಿಡೀ ಓಡಲಿ, ಬೆಳಿಗ್ಗೆ ಕಾಫಿ ಹೊತ್ತಿಗೆ ನೋಡಿದರಾಯಿತು.

ರ‍್ಯಾಮ್ ಕಡಿಮೆ ಇರುವುದನ್ನೇ ಹುಡುಕಿ ಕೊಳ್ಳುತ್ತೇನೆ. 8 ಜಿಬಿಯ ಒಂದೇ ಕಡ್ಡಿ ಇರುವ ಯಂತ್ರಕ್ಕೂ 16 ಇರುವುದಕ್ಕೂ ಅಲ್ಲಿ 70-80 ಡಾಲರ್ ಅಂತರ ಇರುತ್ತಿತ್ತು. ಇನ್ನೊಂದು ಡಿಡಿಆರ್4 ಕಡ್ಡಿ ನನಗೆ 20-25 ಡಾಲರಿಗೆ ಬಿದ್ದಿತ್ತು. ಎರಡು ಕಡ್ಡಿಯಾದರೆ ಗ್ರಾಫಿಕ್ಸೂ ಒಂದಿಷ್ಟು ಚುರುಕಾಗುತ್ತೆ.

ಗೀರು ಅಳಿಸುವ ಪ್ರಯೋಗಗಳನ್ನು ಹೇಳಲೇಬೇಕು. ಟೂತ್‌ಪೇಸ್ಟ್ ಹಾಕಿ ಉಜ್ಜಿದೆ. ಗೀರು ಹಾಗೇ ಇತ್ತು, ಸುತ್ತಲಿನ ಮ್ಯಾಟ್ ಮುಚ್ಚಳ ಬೋಳುತಲೆಯ ಹಾಗೆ ಮಿಂಚತೊಡಗಿತು. ಕಾರಿನ ಟಚ್‌ಅಪ್ ಬಣ್ಣ ಒಂದಕ್ಕೆ ಚೆನ್ನಾಗಿ ಕೂತಿತು, ಇನ್ನೊಂದಕ್ಕೆ ಕಾಗೆ ಹಿಕ್ಕೆ ಹಾಕಿದಂತಾಯಿತು. ಅಡುಗೆಮನೆಯ ಡ್ರಾಯರಿಗೆ ತಂದು ಉಳಿದಿದ್ದ ಅಂಟು ಹಾಳೆ ಎಲ್ಲಕ್ಕಿಂತ ಉತ್ತಮ. ಮಗಳ ಲ್ಯಾಪ್‌ಟಾಪಿಗೆ ಮರದ ನಮೂನೆಯದು ಅಂಟಿಸಿದ್ದೇನೆ, ಅವಳ ಗೆಳತಿಯರು ಎಲ್ಲಿ ಸಿಗುತ್ತೆ ಅಂತ ಕೇಳುತ್ತಾರಂತೆ.

ದೊಡ್ಡ ಪೆದ್ದುತನ ಮಾಡಿದ್ದು ನೆಗ್ಗು ತೆಗೆಯಲು ಹೋಗಿ. ಮುಚ್ಚಳದ ನಡುವೆ ಸಣ್ಣ ತಗ್ಗು. ಚೌಕಟ್ಟು ಬಿಚ್ಚಿ, ತೆರೆಯ ಪ್ಯಾನೆಲ್ ಪೂರ್ತಿ ಕಳಚದೆ ಓರೆ ಮಾಡಿಟ್ಟು, ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ, ಸೌಟಿನ ಹಿಂಬದಿಯಿಂದ ಒತ್ತಿದೆ. ತಗ್ಗು ಮುಕ್ಕಾಲು ಹೋಯಿತು. ಜೊತೆಗೆ ಟಿಕ್ ಅಂತ ಶಬ್ದವೂ ಬಂತು. ಆನ್ ಮಾಡಿದರೆ ತೆರೆಯ ಮೇಲೆ ಜೇಡರ ಬಲೆ. 60 ಡಾಲರ್ ಕೊಟ್ಟು ಬೇರೆ ಪ್ಯಾನೆಲ್ ತರಿಸಿದೆ, ಅದು 40 ಪಿನ್ನಿನದು, ನನ್ನ ಕೇಬಲ್ 30 ಪಿನ್ನಿನದು. ಮತ್ತೆ ವಾಪಸ್, ಮತ್ತೆ ತರಿಸು. ಯಾರಿಗೂ ಕಾಣದ ತಗ್ಗಿಗೆ 2 ವಾರ, 75 ಡಾಲರ್. ಸೌಟು ಹೋದದ್ದಕ್ಕೆ ಮನೆಯವಳ ಹತ್ತಿರ ಬೈಸಿಕೊಂಡದ್ದು ಬೇರೆ.

ತೆರಿಗೆ ಉಳಿಸುವ ಪ್ರಯೋಗವೂ ನೆಗೆದು ಬಿತ್ತು. ನ್ಯೂಜೆರ್ಸಿಯಲ್ಲಿ ಮಾರಾಟ ತೆರಿಗೆ 6.625%, ಪಕ್ಕದ ಡೆಲವೇರ್‌ನಲ್ಲಿ ಸೊನ್ನೆ. ಅಲ್ಲಿನ ಗೆಳೆಯನ ಮನೆಗೆ ತರಿಸಿ, ಭಾನುವಾರ ಹೋಗಿ ತಂದೆ. ಉಳಿದದ್ದು 33 ಡಾಲರ್. ಪೆಟ್ರೋಲು, ಟೋಲು, ಖಾಲಿ ಕೈಲಿ ಹೋಗುವುದು ಹೇಗೆ ಅಂತ ಒಯ್ದ ಮೈಸೂರುಪಾಕು ಸೇರಿ ಖರ್ಚು 40 ದಾಟಿತು. ಸಾಲದ್ದಕ್ಕೆ, ಹೊರಗಿಂದ ತಂದು ಇಲ್ಲಿ ಬಳಸಿದರೂ ರಾಜ್ಯಕ್ಕೆ ಬಳಕೆ ತೆರಿಗೆ ಕಟ್ಟಬೇಕು ಅಂತ ಆಮೇಲೆ ಗೊತ್ತಾಯಿತು. ಕಟ್ಟಿದೆ.

ಊರಿಗೆ ಕಳಿಸುವುದರಲ್ಲಿ ಹೆಚ್ಚೇನೂ ಇಲ್ಲ. 18 ತುಂಬಿದ ಪ್ರಯಾಣಿಕರು ತಲೆಗೊಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ಒಯ್ಯಬಹುದು. 2019ರಲ್ಲಿ ಅಪ್ಪ ಅಮ್ಮ ಬಂದು 5 ತಿಂಗಳಿದ್ದು ಹೋಗುವಾಗ ಅಮ್ಮನ ಕೈಚೀಲದಲ್ಲಿ ಮೈಸೂರು ಸಿಲ್ಕ್ ಸೀರೆಯ ನಡುವೆ ಇಟ್ಟು ಕಳಿಸಿದೆ. ಚೆಕ್-ಇನ್ ಸೂಟ್‌ಕೇಸಿಗೆ ಹಾಕಬೇಡಿ, ಲಿಥಿಯಂ ಬ್ಯಾಟರಿ ಜೊತೆಯಲ್ಲೇ ಇರುವುದು ಒಳ್ಳೆಯದು. ಅಮೆರಿಕದ ಕೀಬೋರ್ಡು ನಮ್ಮಲ್ಲಿರುವಂಥದ್ದೇ. ಅಡಾಪ್ಟರಿನ ಮೇಲೆ 100-240 ವೋಲ್ಟ್ ಅಂತ ಬರೆದಿರುತ್ತೆ, ಗೋಡೆಗೆ ಚುಚ್ಚುವ ಕೇಬಲ್ ಒಂದನ್ನು ಊರಲ್ಲಿ 150 ರೂಪಾಯಿಗೆ ಬದಲಿಸಿಕೊಂಡರೆ ಮುಗಿಯಿತು.

ಭಾವ ಅದನ್ನು ನಂಬಿರಲಿಲ್ಲ. "ಅಲ್ಲಿಯದು 110, ಇಲ್ಲಿಯದು 230, ಸುಟ್ಟುಹೋಗುತ್ತೆ" ಅಂತ 1,800 ರೂಪಾಯಿ ಕೊಟ್ಟು ಒಂದು ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ತಂದು ಕೂರಿಸಿದರು. ಮೂರ್ನಾಲ್ಕು ಕೆಜಿ ತೂಕ. ಅಕ್ಕನ ಮಗ ಒಂದು ವಾರ ಅದರ ಮೂಲಕ ಚಾರ್ಜ್ ಮಾಡಿ, ಆಮೇಲೆ ಅಪ್ಪ ಇಲ್ಲದ ಹೊತ್ತಲ್ಲಿ ನೇರ ಗೋಡೆಗೆ ಚುಚ್ಚಿ, "ಮಾಮ, ಏನೂ ಆಗಲಿಲ್ಲ" ಅಂತ ಮೆಸೇಜ್ ಕಳಿಸಿದ್ದ. ಅದರಲ್ಲೇ ಬಿಇ 4 ವರ್ಷ ಮುಗಿಸಿದ, ಮೊದಲ ಕೆಲಸದ ಇಂಟರ್‌ವ್ಯೂ ಕೊಟ್ಟ. ನಡುವೆ ಒಮ್ಮೆ ಬ್ಯಾಟರಿ ಬದಲಿಸಿದ್ದು ಬಿಟ್ಟರೆ ಬೇರೆ ಖರ್ಚಿಲ್ಲ. ಟ್ರಾನ್ಸ್‌ಫಾರ್ಮರ್ ಈಗ ಹಿತ್ತಿಲ ಬಾಗಿಲು ಗಾಳಿಗೆ ಬಡಿಯದಂತೆ ತಡೆಯುತ್ತಿದೆ.

13ಕ್ಕೂ ಸೇರಿ ನಾನು ಸುರಿದದ್ದು, ಪ್ಯಾನೆಲ್ಲು, ದಂಡ, ಕಡ್ಡಿ ಎಲ್ಲ ಹಿಡಿದು, 5,600 ಡಾಲರ್ ಹತ್ತಿರ. ಅದೇ ಯಂತ್ರಗಳು ಹೊಸದಾಗಿ ಅಂದಿನ ಬೆಲೆಗೆ 10 ಸಾವಿರ ದಾಟುತ್ತಿದ್ದವು. ರಸೀದಿಗಳೆಲ್ಲ ಇಲ್ಲ, ನೆನಪಿನ ಲೆಕ್ಕ. ನೂರಿನ್ನೂರು ಆಚೀಚೆ ಇರಬಹುದು.

ಆ ಅಕ್ಟೋಬರಿನ ಫೋನು ಇಡುವ ಮೊದಲು ಭಾವ, "ನನಗೂ ಒಂದು ನೋಡಯ್ಯಾ, ಆದರೆ ಗೀರಿಲ್ಲದ್ದು" ಅಂದರು. ಗೀರಿಲ್ಲದ್ದಕ್ಕೆ 120 ಡಾಲರ್ ಜಾಸ್ತಿ ಆಗುತ್ತೆ ಭಾವ ಅಂದೆ. ರೂಪಾಯಿಯಲ್ಲಿ ಎಷ್ಟಾಯಿತು ಅಂತ ಕೇಳಿದರು, ಹೇಳಿದೆ. ಒಂದು ವಾರ ಬಿಟ್ಟು ಅಕ್ಕನ ಫೋನಿನಿಂದ ಮೆಸೇಜ್ ಬಂತು: ಗೀರು ತಳದಲ್ಲಿದ್ದರೆ ಪರವಾಗಿಲ್ಲವಂತೆ.