ಡೊಮೇನ್ ಹೆಸರಿನ ನಿಯಮಕ್ಕೆ ದಾವಣಗೆರೆಯಿಂದ ಅಭಿಪ್ರಾಯ ಬರೆಯುವುದು ಹೇಗೆ

ವೆಬ್‌ಸೈಟ್ ಹೆಸರುಗಳ, ಅಂದರೆ ಡೊಮೇನ್‌ಗಳ ನಿಯಮ ಮಾಡುವವರಿಗೆ ನೀವೂ ಬರೆಯಬಹುದು. ಶುಲ್ಕ ಇಲ್ಲ, ಪದವಿ ಕೇಳುವುದಿಲ್ಲ, ಯಾರ ಶಿಫಾರಸೂ ಬೇಡ. ನಾನು ದಾವಣಗೆರೆಯ ಅಶೋಕ ರಸ್ತೆ ಕಡೆ ಡಿಟಿಪಿ ಅಂಗಡಿ ನಡೆಸುವವಳು. ಲಗ್ನಪತ್ರಿಕೆ, ಬಿಲ್ ಬುಕ್, ಫ್ಲೆಕ್ಸ್ ಡಿಸೈನ್ ಜೊತೆಗೆ ಸಣ್ಣ ಅಂಗಡಿಗಳಿಗೆ ವೆಬ್‌ಸೈಟನ್ನೂ ಮಾಡಿಕೊಡುತ್ತೇನೆ. "ಅಕ್ಕಾ, ನಮ್ಮ ಅಂಗಡಿ ಹೆಸರು ಅಡ್ರೆಸ್‌ನಲ್ಲೂ ಕನ್ನಡದಲ್ಲೇ ಬರ್ಲಿ" ಎಂದು ಗಿರಾಕಿಗಳು ಕೇಳತೊಡಗಿದ ಮೇಲೆ ಈ ನಿಯಮಗಳನ್ನು ಓದುವುದು ಅನಿವಾರ್ಯವಾಯಿತು. ಓದಿದ ಮೇಲೆ ಸುಮ್ನೆ ಇರಲು ಆಗಲಿಲ್ಲ.

ಮೊದಲು ಯಾರಿಗೆ ಬರೆಯಬೇಕು ಎಂದು ತಿಳಿದುಕೊಳ್ಳಿ. ಡಾಟ್ ಕಾಮ್, ಡಾಟ್ ಆರ್ಗ್, ಡಾಟ್ ನೆಟ್ ಇಂಥವುಗಳ ನಿಯಮ ಐಕ್ಯಾನ್ ಎಂಬ ಸಂಸ್ಥೆಯಲ್ಲಿ ತಯಾರಾಗುತ್ತದೆ. ಇದು 1998ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಲಾಭರಹಿತ ಸಂಸ್ಥೆ. ಇದರ ಮುಖ್ಯ ಕೆಲಸದ ಮೇಲೆ ಅಮೆರಿಕ ಸರ್ಕಾರಕ್ಕಿದ್ದ ಉಸ್ತುವಾರಿ 2016ರ ಅಕ್ಟೋಬರ್ 1ಕ್ಕೆ ಮುಗಿಯಿತು. ಈಗ ಕಂಪನಿಗಳು, ಸರ್ಕಾರಗಳು, ತಂತ್ರಜ್ಞರು, ನಮ್ಮಂಥ ಬಳಕೆದಾರರು ಎಲ್ಲರೂ ಸೇರಿ ಚರ್ಚಿಸುವ ಏರ್ಪಾಡು ಇದೆ. ಡಾಟ್ ಇನ್ ಮತ್ತು ಕನ್ನಡದ ಡಾಟ್ ಭಾರತ ಮಾತ್ರ ಬೇರೆ. ಅವನ್ನು ನೋಡಿಕೊಳ್ಳುವುದು ಭಾರತದ ನಿಕ್ಸಿ ಎಂಬ ಸಂಸ್ಥೆ. ಅದು ಕೇಂದ್ರದ ಐಟಿ ಸಚಿವಾಲಯದ ಕೆಳಗೆ ಬರುತ್ತದೆ. ಡಾಟ್ ಇನ್ ಬೆಲೆ ಏರಿತು ಎಂದು ಐಕ್ಯಾನ್‌ಗೆ ಬರೆದರೆ ನಿಮ್ಮ ಸಂಜೆ ದಂಡ.

ಇನ್ನೊಂದು ಮಾತು. ದೂರು ಬೇರೆ, ಅಭಿಪ್ರಾಯ ಬೇರೆ. ನಮ್ಮ ಕಡೆ ಅರ್ಧ ಜಗಳ ಒಂದೇ ತರದ್ದು: ಸೈಟ್ ಮಾಡಿಕೊಟ್ಟವನು ಡೊಮೇನನ್ನು ತನ್ನ ಹೆಸರಲ್ಲೇ ಕೊಂಡಿರುತ್ತಾನೆ, ಆಮೇಲೆ ಫೋನ್ ಎತ್ತುವುದಿಲ್ಲ. ನನ್ನ ಒಬ್ಬ ಗಿರಾಕಿಗೂ ಹೀಗೇ ಆಯಿತು. ಇಂಥದ್ದಕ್ಕೆ ಮೊದಲು ಡೊಮೇನ್ ಮಾರಿದ ರಿಜಿಸ್ಟ್ರಾರ್ ಹತ್ತಿರ ಹೋಗಬೇಕು. ಸಾರ್ವಜನಿಕ ಅಭಿಪ್ರಾಯದ ಜಾಗ ಮುಂದೆ ಬರುವ ನಿಯಮಕ್ಕೆ, ಹಿಂದೆ ಆದ ಅನ್ಯಾಯಕ್ಕಲ್ಲ.

ಈಗ ಕೆಲಸಕ್ಕೆ ಬರೋಣ. ಐಕ್ಯಾನ್ ಸೈಟ್‌ನಲ್ಲಿ 'ಪಬ್ಲಿಕ್ ಕಾಮೆಂಟ್' ಎಂಬ ಭಾಗವಿದೆ. ಅಲ್ಲಿ ಸದ್ಯ ತೆರೆದಿರುವ ವಿಷಯಗಳು, ಮುಂದೆ ಬರುವವು, ಮುಗಿದವು ಎಲ್ಲ ಪಟ್ಟಿಯಲ್ಲಿ ಸಿಗುತ್ತವೆ. ಸಾಮಾನ್ಯವಾಗಿ 40 ದಿನದಷ್ಟು ಸಮಯ ಕೊಡುತ್ತಾರೆ. ಅಭಿಪ್ರಾಯ ಹಾಕಲು ಉಚಿತ ಖಾತೆ ತೆರೆಯಬೇಕು. ಗಡುವನ್ನು ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ ಹೇಳುತ್ತಾರೆ. 23:59 ಯುಟಿಸಿ ಎಂದರೆ ನಮಗೆ ಮರುದಿನ ಬೆಳಗಿನ ಜಾವ 5:29. ಅಂಗಡಿ ಬಾಗಿಲು ಹಾಕಿ, ಊಟ ಮುಗಿಸಿ, ರಾತ್ರಿ ಕೂತು ಬರೆಯುವವರಿಗೆ ಇದು ಅನುಕೂಲವೇ.

ದಾಖಲೆ ತೆರೆದರೆ ಹೆದರಬೇಡಿ. ನೂರಾರು ಪುಟ ಇರುವುದೂ ಉಂಟು. ಪೂರ್ತಿ ಓದುತ್ತೇನೆ ಎಂದು ಹಟ ಹಿಡಿದವರು ಬರೆಯುವುದೇ ಇಲ್ಲ. ಮೊದಲ ಸಾರಾಂಶ ಓದಿ, ಆಮೇಲೆ ಶಿಫಾರಸುಗಳ ಪಟ್ಟಿ ನೋಡಿ. ನಿಮ್ಮ ಕೆಲಸಕ್ಕೆ ತಾಗುವ ಒಂದೋ ಎರಡೋ ಶಿಫಾರಸು ಸಿಗುತ್ತದೆ. ಅದರ ಸಂಖ್ಯೆ, ಪುಟ ಗುರುತು ಹಾಕಿಕೊಳ್ಳಿ. ಉಳಿದದ್ದನ್ನು ಬಿಡಿ.

ನಮಗೆ ತಾಗುವುದು ಏನಿದೆ ಅಂತೀರಾ? ಒಂದು ಉದಾಹರಣೆ ಹೇಳುತ್ತೇನೆ, ಸ್ವಲ್ಪ ಉದ್ದವಾದರೂ ಸರಿ. ಡೊಮೇನ್‌ನಲ್ಲಿ ಚುಕ್ಕಿ ಆದಮೇಲೆ ಬರುವ ಕೊನೆಯ ಭಾಗದಲ್ಲಿ ಯಾವ ಲಿಪಿಯ ಯಾವ ಅಕ್ಷರ ಬರಬಹುದು ಎಂಬುದಕ್ಕೆ ನಿಯಮವಿದೆ. ನಮ್ಮ ಲಿಪಿಗಳಿಗಾಗಿ ನಿಯೋ-ಬ್ರಾಹ್ಮಿ ಪ್ಯಾನೆಲ್ ಎಂಬ ತಂಡ ಅದನ್ನು ಬರೆಯಿತು. ಕರಡನ್ನು ಸಾರ್ವಜನಿಕರ ಮುಂದಿಟ್ಟರು. ಕನ್ನಡದ ನಿಯಮ 2019ರಲ್ಲಿ ಜಾಗತಿಕ ನಿಯಮಾವಳಿಗೆ ಸೇರಿತು. ಅದರಲ್ಲಿ ದೊಡ್ಡ ತಲೆನೋವು ಕನ್ನಡ–ತೆಲುಗು ಹೋಲಿಕೆ. ಮೊಳಕಾಲ್ಮೂರು ದಾಟಿ ರಾಯದುರ್ಗದ ಕಡೆ ಹೋದವರಿಗೆ ಗೊತ್ತು, ಅಲ್ಲಿನ ತೆಲುಗು ಬೋರ್ಡನ್ನು ನಾವು ಅರ್ಧಕ್ಕರ್ಧ ಓದಿಬಿಡುತ್ತೇವೆ. ಅ, ಜ, ಬ, ಲ ಇಂಥವು ಎರಡರಲ್ಲೂ ಹೆಚ್ಚುಕಡಿಮೆ ಒಂದೇ ರೂಪ. ಕಂಪ್ಯೂಟರಿಗೆ ಮಾತ್ರ ಬೇರೆ ಬೇರೆ ಅಕ್ಷರ. ಮೋಸ ಮಾಡುವವನಿಗೆ ಇಷ್ಟು ಸಾಕಲ್ವಾ? ಅದಕ್ಕೇ ಹಾಗೆ ಹೋಲುವ ಎರಡು ಹೆಸರಲ್ಲಿ ಒಂದು ಒಬ್ಬರಿಗೆ ಹೋದರೆ ಇನ್ನೊಂದು ಬೇರೆಯವರಿಗೆ ಸಿಗದಂತೆ ನಿಯಮ ಇಟ್ಟಿದ್ದಾರೆ. ಯಾವ ಅಕ್ಷರ ಯಾವುದಕ್ಕೆ ಹೋಲುತ್ತದೆ ಎಂದು ಹೇಳಬೇಕಾದವರು ಯಾರು? ದಿನಾ ಎರಡನ್ನೂ ಕಣ್ಣಲ್ಲಿ ನೋಡುವ ನಾವೇ.

ಡಿಟಿಪಿ ಮಾಡುವವರಿಗೆ ತಕ್ಷಣ ತಟ್ಟುವ ಇನ್ನೊಂದಿದೆ. 'ಸೂಪರ್‌ಮಾರ್ಟ್' ಎಂದು ರಕಾರವನ್ನು ಬಿಡಿಸಿ ಬರೆಯಲು ನಾವು ನಡುವೆ ಕಾಣದ ಒಂದು ಅಕ್ಷರ ಹಾಕುತ್ತೇವೆ. ಅದಿಲ್ಲದಿದ್ದರೆ 'ಸೂಪರ್ಮಾರ್ಟ್' ಆಗುತ್ತದೆ. ಮೊದಲನೆಯದನ್ನು ಬೋರ್ಡ್ ಮೇಲೆ ಬರೆಸಿದವನು ಎರಡನೆಯದನ್ನು ನೋಡಿ "ಇದು ನಮ್ಮಂಗಡಿ ಅಲ್ಲ" ಅನ್ನುತ್ತಾನೆ. ಡೊಮೇನ್‌ನ ಕೊನೆಯ ಭಾಗದಲ್ಲಿ ಈ ಕಾಣದ ಅಕ್ಷರಕ್ಕೆ ಜಾಗವೇ ಇಲ್ಲ. ಮುಂಚಿನ ಭಾಗದಲ್ಲಿ ತಾಂತ್ರಿಕ ನಿಯಮ ಷರತ್ತಿನ ಮೇಲೆ ಬಿಡುತ್ತದೆ, ಆದರೆ ಒಪ್ಪುವುದು ಬಿಡುವುದು ಆಯಾ ರಿಜಿಸ್ಟ್ರಿಯ, ಅಂದರೆ ಡಾಟ್ ಇನ್, ಡಾಟ್ ಆರ್ಗ್ ಇಂಥದ್ದನ್ನು ನಡೆಸುವ ಸಂಸ್ಥೆಯ ಕೈಯಲ್ಲಿ. ಬಿಡಬಾರದು ಎನ್ನುವವರ ವಾದವೂ ಪೊಳ್ಳಲ್ಲ. ಕಣ್ಣಿಗೆ ಕಾಣದ್ದನ್ನು ಹೆಸರಲ್ಲಿ ಬಿಟ್ಟರೆ ನಕಲಿ ಹೆಸರು ಹುಟ್ಟಿಸುವುದು ಸುಲಭ. ನನಗೆ ಅನ್ನಿಸುವುದು, ಹಲಂತದ (್ ಗುರುತಿನ) ನಂತರ, ರೂಪ ನಿಜವಾಗಿ ಬದಲಾಗುವ ಕಡೆ ಮಾತ್ರ ಬಿಡಲಿ.

ಬರೆಯುವಾಗ ಹೀಗೆ ಮಾಡಿ. ನೀವು ಯಾರು, ಏನು ಕೆಲಸ ಮಾಡುತ್ತೀರಿ ಎಂದು ಎರಡು ಸಾಲು. ಯಾವ ಶಿಫಾರಸಿನ ಬಗ್ಗೆ ಎಂದು ಸಂಖ್ಯೆ ಸಮೇತ ಒಂದು ಸಾಲು. ಆಮೇಲೆ ನಿಮ್ಮ ಮುಂದೆ ನಿಜವಾಗಿ ನಡೆಯುವುದು. ಕೊನೆಗೆ ಏನು ಬದಲಾಗಬೇಕು. ನನ್ನದಾದರೆ ಹೀಗೆ ಇರುತ್ತದೆ: "ನಾನು ದಾವಣಗೆರೆಯಲ್ಲಿ ಕನ್ನಡ ಅಕ್ಷರ ಜೋಡಣೆ ಮಾಡುತ್ತೇನೆ. ಈ ಶಿಫಾರಸಿನಂತೆ ಕಾಣದ ಅಕ್ಷರ ತೆಗೆದರೆ ಅಂಗಡಿಯ ಬೋರ್ಡಿಗೂ ಡೊಮೇನ್ ಹೆಸರಿಗೂ ತಾಳೆಯಾಗುವುದಿಲ್ಲ. ಎರಡು ರೂಪಗಳ ಚಿತ್ರ ಲಗತ್ತಿಸಿದ್ದೇನೆ. ಬಿಡುವುದಾದರೆ ಎರಡು ರೂಪವೂ ಒಬ್ಬರಿಗೇ ಸೇರುವಂತೆ ಮಾಡಿ." ಇಷ್ಟೇ. ಒಂದು ಪುಟ ದಾಟಬೇಡಿ. ಚಿತ್ರ ಹಾಕುವುದು ಮುಖ್ಯ, ಓದುವವರಿಗೆ ಕನ್ನಡ ಬರುವುದಿಲ್ಲ.

ಭಾಷೆಯ ವಿಷಯ ಬೇಸರದ್ದೇ. ಕೆಲಸ ಹೆಚ್ಚಾಗಿ ಇಂಗ್ಲಿಷಿನಲ್ಲಿ ನಡೆಯುತ್ತದೆ. ನಾನು ಕನ್ನಡದಲ್ಲಿ ಸಣ್ಣ ವಾಕ್ಯಗಳಲ್ಲಿ ಬರೆದು, ಅನುವಾದದ ಆ್ಯಪ್‌ಗೆ ಕೊಟ್ಟು, ಪಕ್ಕದ ಬೀದಿಯ ಕಾಲೇಜು ಹುಡುಗಿಗೆ ತೋರಿಸುತ್ತೇನೆ. ವಾಕ್ಯ ಚಿಕ್ಕದಿದ್ದಷ್ಟೂ ತಪ್ಪು ಕಡಿಮೆ. ನಿಮ್ಮ ಅಭಿಪ್ರಾಯ ಹೆಸರಿನ ಸಮೇತ ಎಲ್ಲರಿಗೂ ಕಾಣುತ್ತದೆ, ಹಾಗಾಗಿ ಅದರೊಳಗೆ ಮೊಬೈಲ್ ನಂಬರ್, ಮನೆ ವಿಳಾಸ, ಗಿರಾಕಿಯ ಹೆಸರು ಹಾಕಬೇಡಿ.

ಇದು ಮತದಾನ ಅಲ್ಲ, ಇದನ್ನು ತಲೆಯಲ್ಲಿಟ್ಟುಕೊಳ್ಳಿ. 2019ರಲ್ಲಿ ಡಾಟ್ ಆರ್ಗ್ ಬೆಲೆಗಿದ್ದ ಮಿತಿ ತೆಗೆಯುವ ಪ್ರಸ್ತಾಪಕ್ಕೆ ಮೂರು ಸಾವಿರಕ್ಕೂ ಹೆಚ್ಚು ಅಭಿಪ್ರಾಯ ಬಂದವು. ಹೆಚ್ಚಿನವು ವಿರುದ್ಧವೇ, ಹಲವು ಒಂದೇ ಅಚ್ಚಿನವು. ಮಿತಿ ಹೋಯಿತು. ಅದೇ ವರ್ಷ ನವೆಂಬರಿನಲ್ಲಿ ಡಾಟ್ ಆರ್ಗ್ ನಡೆಸುವ ಸಂಸ್ಥೆಯನ್ನೇ ಎಥೋಸ್ ಕ್ಯಾಪಿಟಲ್ ಎಂಬ ಹೂಡಿಕೆ ಕಂಪನಿಗೆ ಮಾರುವ ಸುದ್ದಿ ಬಂತು. ಈ ಸಲ ಸೇವಾಸಂಸ್ಥೆಗಳು, ಕೊಳ್ಳಲು ಮಾಡುವ ಸಾಲವನ್ನು ಯಾರು ತೀರಿಸುತ್ತಾರೆ, ಲಾಭಕ್ಕಾಗಿ ನಡೆಸಿದರೆ ನಮ್ಮ ಗತಿ ಏನು ಎಂದು ಬಿಡಿಬಿಡಿಯಾಗಿ ಕೇಳಿದವು. ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್, ಅಂದರೆ ಆ ರಾಜ್ಯದ ಮುಖ್ಯ ಕಾನೂನು ಅಧಿಕಾರಿ ಕೂಡ ಮಾರಾಟ ಬೇಡ ಎಂದು ಪತ್ರ ಬರೆದರು. 2020ರ ಏಪ್ರಿಲ್ 30ರಂದು ಐಕ್ಯಾನ್ ಮಂಡಳಿ ಒಪ್ಪಿಗೆ ನಿರಾಕರಿಸಿತು. ಆ ಪತ್ರ ಇಲ್ಲದಿದ್ದರೆ ಏನಾಗುತ್ತಿತ್ತೋ ಎಂಬ ಅನುಮಾನ ನನಗಿದೆ. ಆದರೂ ವಾಟ್ಸಾಪ್‌ನಲ್ಲಿ ಬಂದ ಒಂದೇ ಒಕ್ಕಣೆಯನ್ನು ನೂರು ಜನ ಕಳಿಸುವುದಕ್ಕಿಂತ ನಾಲ್ಕು ಜನ ನಾಲ್ಕು ಬೇರೆ ಅನುಭವ ಬರೆಯುವುದು ಜಾಸ್ತಿ ಕೆಲಸ ಮಾಡುತ್ತದೆ.

ಗಡುವು ಮುಗಿದ ಮೇಲೆ ಬಂದ ಅಭಿಪ್ರಾಯಗಳ ಸಾರಾಂಶ ವರದಿ ಹಾಕುತ್ತಾರೆ. ಅದರಲ್ಲಿ ನಿಮ್ಮ ಹೆಸರು ಹುಡುಕಿ. ನಿಮ್ಮ ಮಾತನ್ನು ತಿರುಚಿದ್ದಾರಾ, ಬಿಟ್ಟಿದ್ದಾರಾ ನೋಡಿ. ಒಬ್ಬರೇ ಬರೆದು ಸಾಕಾದರೆ ಬಳಕೆದಾರರ ಗುಂಪಿಗೆ ಸೇರಿ. ಐಕ್ಯಾನ್‌ನಲ್ಲಿ ಇದಕ್ಕೆ ಅಟ್-ಲಾರ್ಜ್ ಎನ್ನುತ್ತಾರೆ. ಭಾರತ ಬರುವುದು ಏಷ್ಯಾ-ಪೆಸಿಫಿಕ್ ವಿಭಾಗದ ಎಪಿರಾಲೋ ಎಂಬ ಗುಂಪಿನಲ್ಲಿ. ಸಂಘ ಸಂಸ್ಥೆ ಇಲ್ಲದಿದ್ದರೂ ವ್ಯಕ್ತಿಯಾಗಿ ಸದಸ್ಯರಾಗಬಹುದು. ಐಕ್ಯಾನ್ ಮಂಡಳಿಯ ಒಂದು ಸ್ಥಾನಕ್ಕೆ ಆಯ್ಕೆ ಮಾಡುವುದು ಈ ಬಳಕೆದಾರರ ಬಳಗವೇ. ಹಿನ್ನೆಲೆ ಬೇಕಿದ್ದವರಿಗೆ ಐಕ್ಯಾನ್ ಲರ್ನ್ ಎಂಬ ಉಚಿತ ಪಾಠಗಳಿವೆ.

ವರ್ಷಕ್ಕೆ ಮೂರು ದೊಡ್ಡ ಸಭೆ ನಡೆಯುತ್ತವೆ. 2016ರ ನವೆಂಬರಿನಲ್ಲಿ ಹೈದರಾಬಾದಿನಲ್ಲೇ ನಡೆದಿತ್ತು. ದೂರದಲ್ಲಿ ನಡೆದರೂ ನೋಂದಾಯಿಸಿಕೊಂಡು ಜೂಮ್‌ನಲ್ಲಿ ಪುಕ್ಕಟೆ ಕೂರಬಹುದು. ಮಂಡಳಿಯನ್ನು ನೇರವಾಗಿ ಕೇಳುವ ಪಬ್ಲಿಕ್ ಫೋರಂ ಇರುತ್ತದೆ, ಮಾತಿಗೆ ಎರಡೇ ನಿಮಿಷದಷ್ಟು ಸಮಯ. ಪ್ರಶ್ನೆಯನ್ನು ಮೊದಲೇ ಟೈಪ್ ಮಾಡಿ ಇಟ್ಟುಕೊಳ್ಳಿ, ಗಡಿಯಾರ ಹಿಡಿದು ಒಮ್ಮೆ ಗಟ್ಟಿಯಾಗಿ ಓದಿ ನೋಡಿ. ಯುಪಿಎಸ್ ಚಾರ್ಜ್ ಇದೆಯಾ ಎಂದೂ ನೋಡಿಕೊಳ್ಳಿ.