ಅಮೆರಿಕದಲ್ಲಿ ಮನೆ ಸಾಮಾನು ಸಾಗಿಸುವ ಮೊದಲು: ಲಾರಿ ಯಾರದು ಅಂತ ಕೇಳಿ

ನ್ಯೂಜೆರ್ಸಿಯ ಎಡಿಸನ್‌ನಿಂದ ಟೆಕ್ಸಸ್‌ನ ಪ್ಲೇನೋಗೆ ನಾವು ಮನೆ ಬದಲಾಯಿಸಿದಾಗ, ಫೋನಿನಲ್ಲಿ ಸಿಕ್ಕ ಹುಡುಗ ಬೆಣ್ಣೆ ಹಚ್ಚಿದ ಹಾಗೆ ಮಾತಾಡಿದ. ಸಾಮಾನಿನ ಪಟ್ಟಿ ಬರೆದುಕೊಂಡ, ಹತ್ತು ನಿಮಿಷದಲ್ಲಿ ರೇಟು ಹೇಳಿದ, ಕಾರ್ಡಿನಿಂದ ಅಡ್ವಾನ್ಸ್ ಎಳೆದುಕೊಂಡ. ಸಾಗಿಸುವ ದಿನ ಬಂದ ಲಾರಿಯ ಮೇಲೆ ಬೇರೆಯದೇ ಹೆಸರು. ಡ್ರೈವರ್‌ಗೆ ನಮ್ಮ ಹುಡುಗ ಯಾರು ಅಂತಲೇ ಗೊತ್ತಿಲ್ಲ. ಮಂಚ, ಸೋಫಾ, ದೇವರ ಮಂಟಪ ಎಲ್ಲ ಲಾರಿ ಹತ್ತಿದ ಮೇಲೆ, ಜಾಗ ಜಾಸ್ತಿ ಹಿಡಿಯಿತು, ಇನ್ನೂ ದುಡ್ಡು ಬೇಕು ಅಂದರು. ನನ್ನ ಹೆಂಡತಿ ನನ್ನ ಮುಖ ನೋಡಿದಳು, ನಾನು ಲಾರಿ ನೋಡಿದೆ. ಕೊಟ್ಟೆವು.

ನಾನು ಮಾತಾಡಿದ್ದು ಸಾಮಾನು ಸಾಗಿಸುವ ಲಾರಿಯವರ, ಅಂದರೆ ಕ್ಯಾರಿಯರ್ ಹತ್ತಿರ ಅಲ್ಲವೇ ಅಲ್ಲ, ಬ್ರೋಕರ್ ಹತ್ತಿರ. ಇಲ್ಲಿ ಗೂಗಲ್‌ನಲ್ಲಿ ಹುಡುಕಿದರೆ ಮೇಲೆ ಕಾಣುವವರಲ್ಲಿ ಎಷ್ಟೋ ಜನ ಬ್ರೋಕರ್‌ಗಳೇ. ಊರಲ್ಲಿ ಸೈಟು ಕೊಡಿಸುವವರ ಹಾಗೆ, ಇವರ ಹತ್ತಿರ ಲಾರಿಯೂ ಇಲ್ಲ, ಹೊರುವ ಜನರೂ ಇಲ್ಲ. ನಿಮ್ಮ ಕೆಲಸವನ್ನು ಇನ್ನೊಬ್ಬರಿಗೆ ದಾಟಿಸಿ ನಡುವೆ ತಮ್ಮ ಪಾಲು ಇಟ್ಟುಕೊಳ್ಳುತ್ತಾರೆ. ಅದು ಕಾನೂನುಬಾಹಿರ ಅಲ್ಲ. ಆದರೆ ಸಾಮಾನು ಒಡೆದರೆ ಅವರು ಸಾಮಾನ್ಯವಾಗಿ ಕೈ ತೊಳೆದುಕೊಳ್ಳುತ್ತಾರೆ. ಹಾಗಾಗಿ ಮೊದಲ ಪ್ರಶ್ನೆ ರೇಟು ಅಲ್ಲ: "ನೀವು ಕ್ಯಾರಿಯರ್ರಾ, ಬ್ರೋಕರ್ರಾ? ನಿಮ್ಮ ಯುಎಸ್‌ಡಾಟ್ ನಂಬರ್ ಏನು?"

ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಮನೆ ಸಾಮಾನು ಸಾಗಿಸುವವರಿಗೆ ಈ ನಂಬರ್ ಇರಲೇಬೇಕು. ಕೊಡುವುದು ಎಫ್‌ಎಂಸಿಎಸ್‌ಎ, ಅಂದರೆ ಕೇಂದ್ರ ಸಾರಿಗೆ ಇಲಾಖೆಯ ಒಂದು ಸಂಸ್ಥೆ. ಅವರ ಸೇಫರ್ ಅನ್ನುವ ಸೈಟಿನಲ್ಲಿ ನಂಬರ್ ಹಾಕಿದರೆ ಸಾಕು, ಕ್ಯಾರಿಯರ್ರೋ ಬ್ರೋಕರ್ರೋ, ಮನೆ ಸಾಮಾನು ಸಾಗಿಸಲು ಅನುಮತಿ ಇದೆಯೋ ಇಲ್ಲವೋ, ಎಲ್ಲ ಕಾಣುತ್ತದೆ. ಹೆಸರು, ವಿಳಾಸ ನಿಮಗೆ ಕೊಟ್ಟ ಪೇಪರಿಗೆ ಹೊಂದುತ್ತದಾ ನೋಡಿ. ಐದು ನಿಮಿಷದ ಕೆಲಸ, ನಾನು ಮಾಡಲಿಲ್ಲ. ಫೋನ್ ಎತ್ತಿದಾಗ ಕಂಪನಿ ಹೆಸರು ಹೇಳದೆ ಸುಮ್ನೆ "ಮೂವರ್ಸ್" ಅನ್ನುವವರು, ಮುಂಗಡವಾಗಿ ದೊಡ್ಡ ಮೊತ್ತ ಕೇಳುವವರು, ಹೆಸರಿಲ್ಲದ ಬಾಡಿಗೆ ಲಾರಿ ತರುವವರು, ಇವರೆಲ್ಲ ಬೇಡ.

ಇನ್ನು ಎಸ್ಟಿಮೇಟ್. ನಮ್ಮವರು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ. ಒಳ್ಳೆಯ ಕಂಪನಿಯವರು ಮನೆಗೆ ಬಂದು ಅಥವಾ ವಿಡಿಯೋ ಕಾಲ್‌ನಲ್ಲಿ ಸಾಮಾನು ನೋಡಿಯೇ ರೇಟು ಹೇಳುತ್ತಾರೆ. ಗ್ಯಾರೇಜು, ಕ್ಲಾಸೆಟ್ಟು, ಮಂಚದ ಕೆಳಗಿನ ಸೂಟ್‌ಕೇಸುಗಳು, ಏನೂ ಮುಚ್ಚಿಡದೆ ತೋರಿಸಿ. ಆಮೇಲೆ ಬರೆದು ಕೊಡುವ ಎಸ್ಟಿಮೇಟ್ ಯಾವ ತರಹದ್ದು ಅಂತ ನೋಡಿ. ಬೈಂಡಿಂಗ್ ಆದರೆ ಹೇಳಿದ್ದೇ ರೇಟು. ನಾನ್-ಬೈಂಡಿಂಗ್ ಆದರೆ ನಿಜವಾದ ತೂಕದ ಮೇಲೆ ಬಿಲ್ಲು ಏರಬಹುದು, ಆದರೂ ಸಾಮಾನು ಇಳಿಸುವಾಗ ಎಸ್ಟಿಮೇಟಿನ 110%ಗಿಂತ ಜಾಸ್ತಿ ಕೇಳುವ ಹಾಗಿಲ್ಲ. 4,000 ಡಾಲರ್ ಅಂದಿದ್ದರೆ 4,400 ಕೊಟ್ಟರೆ ಸಾಮಾನು ಇಳಿಸಲೇಬೇಕು, ಉಳಿದದ್ದಕ್ಕೆ ಆಮೇಲೆ ಬಿಲ್ಲು ಕಳಿಸಲಿ. ನೀವೇ ನಡುವೆ ಕೇಳಿದ ಹೆಚ್ಚಿನ ಕೆಲಸದ ದುಡ್ಡು ಮಾತ್ರ ಬೇರೆ. ಮೂರನೆಯದು ನಾಟ್-ಟು-ಎಕ್ಸೀಡ್: ತೂಕ ಕಡಿಮೆ ಬಂದರೆ ಬಿಲ್ಲೂ ಕಡಿಮೆ, ಜಾಸ್ತಿ ಬಂದರೂ ಹೇಳಿದ್ದಕ್ಕಿಂತ ಮೇಲಿಲ್ಲ. ಸಿಕ್ಕರೆ ಇದನ್ನೇ ತೆಗೆದುಕೊಳ್ಳಿ.

ನನಗೆ ಆಗ ಗೊತ್ತಿರಬೇಕಿದ್ದ ವಿಷಯ ಇನ್ನೊಂದಿದೆ. ಸಾಮಾನು ಜಾಸ್ತಿ ಇದೆ ಅನ್ನಿಸಿದರೆ ಲಾರಿಗೆ ಹತ್ತಿಸುವ ಮೊದಲೇ ಹೊಸ ಎಸ್ಟಿಮೇಟ್ ಬರೆದು ನಿಮ್ಮ ಒಪ್ಪಿಗೆ ಪಡೆಯಬೇಕು. ಹತ್ತಿಸಿದ ಮೇಲೆ ಹಳೆಯದೇ ಖಾಯಂ. ತೂಕದ ಬಗ್ಗೆ ಅನುಮಾನ ಇದ್ದರೆ ಇಳಿಸುವ ಮೊದಲು ಮತ್ತೆ ತೂಗಿಸಿ ಅಂತ ಕೇಳಬಹುದು, ಅದಕ್ಕೆ ದುಡ್ಡು ಕೊಡಬೇಕಿಲ್ಲ. ನಿಯಮದಂತೆ ಕೊಡಬೇಕಾದ್ದನ್ನು ಕೊಟ್ಟ ಮೇಲೂ ಸಾಮಾನು ಹಿಡಿದಿಟ್ಟುಕೊಂಡರೆ ಎಫ್‌ಎಂಸಿಎಸ್‌ಎಗೆ ದೂರು ಕೊಡಿ, ನಂಬರ್ 888-368-7238.

ಒಡೆದರೆ ಎಷ್ಟು ಸಿಗುತ್ತದೆ? "ಇನ್ಶೂರೆನ್ಸ್ ಫ್ರೀ" ಅನ್ನುತ್ತಾರಲ್ಲ, ಅದರ ಲೆಕ್ಕ ಒಂದು ವಸ್ತುವಿನ ಪ್ರತಿ ಪೌಂಡ್ ತೂಕಕ್ಕೆ 60 ಸೆಂಟ್. ಅಮ್ಮ ಕೊಟ್ಟ ವೀಣೆ 15 ಪೌಂಡ್ ತೂಗುತ್ತದೆ ಅಂದುಕೊಳ್ಳಿ, ಒಡೆದರೆ ಸಿಗುವುದು 9 ಡಾಲರ್! ಫುಲ್ ವ್ಯಾಲ್ಯೂ ಪ್ರೊಟೆಕ್ಷನ್ ಅಂತ ಬೇರೆ ಇದೆ, ಅದಕ್ಕೆ ದುಡ್ಡು ಜಾಸ್ತಿ, ಆದರೆ ರಿಪೇರಿ ಮಾಡಿಸಬೇಕು ಅಥವಾ ಬೇರೆ ಕೊಡಬೇಕು ಅಥವಾ ಅದರ ಬೆಲೆ ಕೊಡಬೇಕು. ನೀವು ಸಹಿ ಹಾಕಿ ಬೇಡ ಅನ್ನದಿದ್ದರೆ ಅನ್ವಯವಾಗುವುದು ಅದೇ, ಆದ್ದರಿಂದ ಅವಸರದಲ್ಲಿ ಎಲ್ಲಿ ಸಹಿ ಹಾಕುತ್ತಿದ್ದೀರಿ ನೋಡಿಕೊಳ್ಳಿ. ಪೌಂಡಿಗೆ 100 ಡಾಲರ್‌ಗಿಂತ ಬೆಲೆಬಾಳುವ ವಸ್ತು ಇದ್ದರೆ ಬೇರೆಯಾಗಿ ಬರೆಸಬೇಕು.

ಖಾಲಿ ಜಾಗ ಬಿಟ್ಟ ಯಾವ ಪೇಪರಿಗೂ ಸಹಿ ಬೇಡ. ಇನ್ವೆಂಟರಿ ಪಟ್ಟಿಯಲ್ಲಿ ಡ್ರೈವರ್ ಪ್ರತಿ ಸಾಮಾನಿನ ಮುಂದೆ ಪುಟ್ಟ ಅಕ್ಷರಗಳು ಬರೆಯುತ್ತಾನೆ, ಎಸ್‌ಸಿ ಅಂದರೆ ಗೀರು ಬಿದ್ದಿದೆ ಅಂತ. ನಮ್ಮ ಹೊಸ ಊಟದ ಮೇಜಿಗೂ ಎಸ್‌ಸಿ ಬರೆದಿದ್ದ! ಅಲ್ಲೇ ಆಕ್ಷೇಪ ಬರೆಯಿರಿ, ಫೋಟೋ ತೆಗೆಯಿರಿ. ನೀವೇ ಪ್ಯಾಕ್ ಮಾಡಿದ ಡಬ್ಬಕ್ಕೆ ಪಿಬಿಒ ಅಂತ ಬೀಳುತ್ತದೆ, ಒಳಗೆ ಒಡೆದರೆ ಕ್ಲೇಮ್ ಕಷ್ಟ. ಗ್ರೈಂಡರ್‌ನ ಕಲ್ಲು ಬೇರೆ ಡಬ್ಬ, ಗಾಜಿನ ಸಾಮಾನು ಬೇರೆ ಡಬ್ಬ. ಇದನ್ನು ಹೇಳಬೇಕಾ ಅನ್ನಬೇಡಿ, ನಾನು ಎರಡನ್ನೂ ಒಟ್ಟಿಗೆ ಹಾಕಿದವನು. ಕ್ಲೇಮ್ ಮಾಡಲು ಕನಿಷ್ಠ 9 ತಿಂಗಳು ಅವಕಾಶ ಇದೆ, ಆದರೆ ತಡ ಮಾಡಬೇಡಿ.

ಒಂದೇ ರಾಜ್ಯದೊಳಗೆ ಮನೆ ಬದಲಾಯಿಸುವವರಿಗೆ ಇದೆಲ್ಲ ಹೀಗೇ ಅನ್ವಯಿಸುವುದಿಲ್ಲ, ಆಯಾ ರಾಜ್ಯದ ಕಾನೂನೇ ನಡೆಯುತ್ತದೆ. ಟೆಕ್ಸಸ್‌ನಲ್ಲಿ ಅಲ್ಲಿನ ಡಿಎಂವಿ (ವಾಹನ ಇಲಾಖೆ), ಕ್ಯಾಲಿಫೋರ್ನಿಯಾದಲ್ಲಿ ಬ್ಯೂರೋ ಆಫ್ ಹೌಸ್‌ಹೋಲ್ಡ್ ಗೂಡ್ಸ್ ಅಂಡ್ ಸರ್ವಿಸಸ್ ನೋಡಿಕೊಳ್ಳುತ್ತದೆ.

ಚಿನ್ನ, ಪಾಸ್‌ಪೋರ್ಟ್, ಐ-797 (ವಲಸೆ ಇಲಾಖೆಯ ಅನುಮೋದನೆ ಪತ್ರ), ಮಕ್ಕಳ ಬರ್ತ್ ಸರ್ಟಿಫಿಕೇಟ್ ಲಾರಿಗೆ ಹಾಕಬೇಡಿ, ನಿಮ್ಮ ಜೊತೆಗೇ ಇರಲಿ. ಹೊಸ ಮನೆಗೆ ಹೋದ 10 ದಿನದೊಳಗೆ ವಲಸೆ ಇಲಾಖೆಗೆ ವಿಳಾಸ ಬದಲಾವಣೆ ತಿಳಿಸುವ ಎಆರ್-11 ಫಾರ್ಮ್ ತುಂಬಬೇಕು, ಎಚ್-1ಬಿ ಕೆಲಸದ ವೀಸಾ ಇರುವವರಿಗೊಂದು, ಅವರ ಕುಟುಂಬದಲ್ಲಿ ಎಚ್-4 ವೀಸಾ ಇರುವ ಪ್ರತಿಯೊಬ್ಬರಿಗೂ ಒಂದೊಂದು. ಲಾರಿ ಇನ್ನೂ ಬಂದಿಲ್ಲ ಅಂತ ಕಾಯುತ್ತಾ ಕೂರಬೇಡಿ.